"ನಾನು ತಪ್ಪು ಓಟು ಹಾಕಿದೆ" ಅಂದವರು ಎಷ್ಟು ಜನ? ಬ್ರೆಕ್ಸಿಟ್ ಬಗ್ಗೆ ಸಿಂಧನೂರಿನಿಂದ ಬಂದ ಪ್ರಶ್ನೆ

ಪ್ರಶ್ನೆ: ಸರ್, ನಾನು ಸಿಂಧನೂರಿನಲ್ಲಿ ಹೈಸ್ಕೂಲ್ ಟೀಚರ್. ನನ್ನ ತಮ್ಮ 2022ರಿಂದ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಕಡೆ ನರ್ಸ್ ಆಗಿದ್ದಾನೆ. ಅವನ ವಾರ್ಡಿನಲ್ಲಿ ವಯಸ್ಸಾದ ಒಬ್ಬ ಹೆಣ್ಣುಮಗಳು ಕೆಲಸ ಮಾಡುತ್ತಾರೆ. ಒಂದಿನ ಚಹಾ ಕುಡಿಯುವಾಗ "ಬ್ರೆಕ್ಸಿಟ್ ಪರ ಓಟು ಹಾಕಿದ್ದೆ, ತಪ್ಪು ಮಾಡಿದೆ" ಅಂದರಂತೆ. ಅಲ್ಲೇ ಕೂತಿದ್ದ ಇಬ್ಬರು ಆಕೆಯ ಮೇಲೆ ಹರಿಹಾಯ್ದರಂತೆ. ನನ್ನ ತಮ್ಮ ಏನೂ ಮಾತಾಡದೆ ಎದ್ದು ಬಂದನಂತೆ. ಹೀಗೆ ಪಶ್ಚಾತ್ತಾಪ ಪಟ್ಟವರು ನಿಜಕ್ಕೂ ಎಷ್ಟು ಜನ? ಜಾಸ್ತಿ ಜನ ಇದ್ದರೆ ಮತ್ತೊಮ್ಮೆ ಓಟು ಯಾಕೆ ಹಾಕಿಸಲಿಲ್ಲ? ನಮ್ಮ ದೇಶದಲ್ಲೂ ಹೀಗೆ ಆಗಬಹುದಾ? ತಮ್ಮ ಆಕೆಗೆ ಏನಾದರೂ ಹೇಳಬೇಕಿತ್ತಾ?

ಉತ್ತರ: ತಂಗೀ, ನಿಮ್ಮ ಪತ್ರದಲ್ಲಿ ಸಂಡರ್‌ಲ್ಯಾಂಡ್ ಅಂತ ಓದಿದ ಕೂಡಲೇ ನನಗೆ 2016ರ ಜೂನ್ 24ರ ಬೆಳಗಿನ ಜಾವ ನೆನಪಾಯಿತು. ಆಗ ನಾನಿನ್ನೂ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ರಾಯಚೂರಿನ ಮನೆಯಲ್ಲಿ ಎಲ್ಲರೂ ಮಲಗಿದ್ದರು. ನಾನೊಬ್ಬನೇ ಟಿವಿ ಮುಂದೆ ಕೂತಿದ್ದೆ. ಯುರೋಪಿನ ದೇಶಗಳು ಸೇರಿ ಕಟ್ಟಿಕೊಂಡ ಯುರೋಪಿಯನ್ ಒಕ್ಕೂಟದಲ್ಲಿ ಬ್ರಿಟನ್ ಇರಬೇಕೋ ಬಿಡಬೇಕೋ ಅಂತ ಹಿಂದಿನ ದಿನ ಅಲ್ಲಿ ಓಟು ನಡೆದಿತ್ತು. ಬಿಡುವುದಕ್ಕೇ ಬ್ರೆಕ್ಸಿಟ್ ಅಂತ ಹೆಸರು. ಅಲ್ಲಿ ಆಗ ನಡುರಾತ್ರಿ ದಾಟಿತ್ತು. ಮೊದಮೊದಲು ಫಲಿತಾಂಶ ಬಂದ ಊರುಗಳಲ್ಲಿ ಸಂಡರ್‌ಲ್ಯಾಂಡ್ ಒಂದು. ಅಲ್ಲಿ ನೂರಕ್ಕೆ 61 ಜನ "ಯುರೋಪಿಯನ್ ಒಕ್ಕೂಟ ಬಿಡೋಣ" ಅಂದಿದ್ದರು. ಆ ಊರಿನಲ್ಲಿ ನಿಸ್ಸಾನ್ ಕಾರಿನ ದೊಡ್ಡ ಕಾರ್ಖಾನೆ ಇದೆ. ಸಾವಿರಾರು ಮನೆಗಳ ಒಲೆ ಅದರಿಂದ ಉರಿಯುತ್ತದೆ. ಅಲ್ಲಿ ತಯಾರಾದ ಕಾರುಗಳು ಯುರೋಪಿನ ದೇಶಗಳಿಗೆ ಹೋಗುತ್ತಿದ್ದವು. ಅದು ಗೊತ್ತಿದ್ದೂ ಜನ ಬಿಡೋಣ ಅಂದರು. ಆ ಒಂದು ಊರಿನ ಲೆಕ್ಕ ಹೊರಬಿದ್ದಿದ್ದೇ ತಡ, ಪೌಂಡಿನ ಬೆಲೆ ಕುಸಿಯತೊಡಗಿತು. ಬೆಳಗಾಗುವಷ್ಟರಲ್ಲಿ ಡಾಲರ್ ಎದುರು 1985ರಿಂದ ಈಚೆಗೆ ಕಾಣದಷ್ಟು ಕೆಳಗೆ ಇಳಿದಿತ್ತು.

ಕೊನೆಯ ಲೆಕ್ಕ ಹೀಗಿತ್ತು. ಬಿಡೋಣ ಅಂದವರು ನೂರಕ್ಕೆ 51.9, ಅಂದರೆ ಸುಮಾರು 1 ಕೋಟಿ 74 ಲಕ್ಷ ಜನ. ಇರೋಣ ಅಂದವರು 48.1, ಸುಮಾರು 1 ಕೋಟಿ 61 ಲಕ್ಷ. ನಡುವಿನ ಅಂತರ 12 ಲಕ್ಷ 70 ಸಾವಿರದ ಆಸುಪಾಸು. ಇಂಗ್ಲೆಂಡ್ ಮತ್ತು ವೇಲ್ಸ್ ಬಿಡೋಣ ಅಂದವು. ಸ್ಕಾಟ್ಲೆಂಡಿನಲ್ಲಿ ನೂರಕ್ಕೆ 62 ಜನ ಇರೋಣ ಅಂದರು, ಉತ್ತರ ಐರ್ಲೆಂಡಿನಲ್ಲಿ ಸುಮಾರು 56. ಜನಮತಗಣನೆ ಕರೆದಿದ್ದ ಪ್ರಧಾನಿ ಡೇವಿಡ್ ಕ್ಯಾಮರಾನ್ ಅದೇ ಬೆಳಿಗ್ಗೆ ಮನೆ ಬಾಗಿಲ ಮುಂದೆ ನಿಂತು ರಾಜೀನಾಮೆ ಹೇಳಿದರು.

ಪಶ್ಚಾತ್ತಾಪದ ಕಥೆ ಶುರುವಾದದ್ದೂ ಅದೇ ದಿನ. ಒಬ್ಬ ಮನುಷ್ಯ ಬಿಬಿಸಿಯವರ ಮುಂದೆ, "ನನ್ನ ಓಟಿನಿಂದ ಏನೂ ಆಗಲ್ಲ, ಹೇಗೂ ಉಳೀತೀವಿ ಅಂದುಕೊಂಡು ಬಿಡೋಣ ಅಂತ ಹಾಕಿದೆ" ಅನ್ನೋ ಅರ್ಥದ ಮಾತು ಆಡಿದ. ಅದು ಜಗತ್ತೆಲ್ಲ ಸುತ್ತಿತು. "ಯುರೋಪಿಯನ್ ಒಕ್ಕೂಟ ಅಂದರೇನು?" ಅಂತ ಜನ ಓಟು ಮುಗಿದ ಮೇಲೆ ಗೂಗಲ್‌ನಲ್ಲಿ ಹುಡುಕುತ್ತಿದ್ದಾರೆ ಅಂತ ಸುದ್ದಿ ಬಂತು. ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಹೋಗುತ್ತಿದೆ, ಅದನ್ನು ನಮ್ಮ ಆಸ್ಪತ್ರೆಗಳಿಗೆ ಕೊಡೋಣ ಅಂತ ಕೆಂಪು ಬಸ್ಸಿನ ಮೇಲೆ ಬರೆಸಿಕೊಂಡು ಒಂದು ಗುಂಪು ಊರೂರು ತಿರುಗಿತ್ತು. ಆ ಲೆಕ್ಕ ದಾರಿ ತಪ್ಪಿಸುವಂಥದ್ದು ಅಂತ ಅಲ್ಲಿನ ಅಂಕಿಅಂಶ ಪ್ರಾಧಿಕಾರ ಓಟಿಗೆ ಮೊದಲೇ ಹೇಳಿತ್ತು. ಫಲಿತಾಂಶ ಬಂದ ಬೆಳಿಗ್ಗೆ ಬಿಡೋಣ ಅನ್ನೋ ಕಡೆಯ ನಾಯಕ ನೈಜೆಲ್ ಫರಾಜ್ ಟಿವಿಯಲ್ಲಿ ಕೂತು, ಆ ದುಡ್ಡು ಆಸ್ಪತ್ರೆಗೆ ಹೋಗುತ್ತೆ ಅಂತ ನಾನು ಭರವಸೆ ಕೊಡಲಾರೆ, ಅದು ತಪ್ಪಾಗಿತ್ತು ಅಂದರು. ಬಸ್ಸಿನ ಗುಂಪಿನಲ್ಲಿ ಅವರಿರಲಿಲ್ಲ ಅನ್ನೋದು ನಿಜ. ಆದರೆ ಬಿಡೋಣ ಅಂತ ವರ್ಷಗಟ್ಟಲೆ ಗಂಟಲು ಹರಿದುಕೊಂಡವರೇ ಹಾಗೆ ಅಂದಾಗ ಜನರಿಗೆ ಹೇಗಾಗಿರಬೇಡ.

ಮತ್ತೊಮ್ಮೆ ಓಟು ಬೇಕು ಅನ್ನೋ ಮನವಿಗೆ 41 ಲಕ್ಷಕ್ಕೂ ಹೆಚ್ಚು ಜನ ಆನ್‌ಲೈನ್‌ನಲ್ಲಿ ಸಹಿ ಹಾಕಿದರು. ಈ ಮನವಿಯ ಹುಟ್ಟು ಕೇಳಿದರೆ ನಿಮಗೆ ಆಶ್ಚರ್ಯ ಆಗುತ್ತದೆ. ಅದನ್ನು ಬರೆದವರು ಬಿಡೋಣ ಅನ್ನೋ ಕಡೆಯವರು, ಅದೂ ಓಟಿಗೆ ಮೊದಲು. ತಮ್ಮ ಕಡೆ ಸೋಲುತ್ತೆ ಅಂತ ಅವರಿಗೆ ಅನಿಸಿತ್ತು. ಅವರ ಕಡೆಯೇ ಗೆದ್ದ ಮೇಲೆ, ಸೋತ ಇರೋಣ ಕಡೆಯವರು ಅದನ್ನೇ ಎತ್ತಿಕೊಂಡರು. ಸಹಿಗಳಲ್ಲಿ ಸುಮಾರು 77 ಸಾವಿರ ಸುಳ್ಳು ಸಹಿ ಅಂತ ತೆಗೆದುಹಾಕಿದರು. ಆದರೆ ಸಹಿ ಹಾಕಿದವರು ಪಶ್ಚಾತ್ತಾಪ ಪಟ್ಟವರು ಅಂತ ಹೇಳಲು ಬರುವುದಿಲ್ಲ. ಅವರಲ್ಲಿ ಮೊದಲಿಂದಲೂ ಇರೋಣ ಅಂದವರೇ ಜಾಸ್ತಿ ಇರಬೇಕು ಅಂತ ನನ್ನ ಅಂದಾಜು.

ಗೂಗಲ್ ಕಥೆಯೂ ಹಾಗೇ. ಆಮೇಲೆ ಲೆಕ್ಕ ನೋಡಿದವರಿಗೆ ಗೊತ್ತಾದದ್ದು, ಹಾಗೆ ಹುಡುಕಿದವರು ತೀರಾ ಸ್ವಲ್ಪ ಜನ. ಅವರು ಓಟು ಹಾಕಿದವರೋ ಅಲ್ಲವೋ, ಯಾವ ಕಡೆ ಹಾಕಿದವರೋ, ಅದೂ ಗೊತ್ತಿಲ್ಲ. "ಏನೂ ತಿಳಿಯದ ಜನ ಕಣ್ಣು ಮುಚ್ಚಿ ಓಟು ಹಾಕಿದರು" ಅನ್ನೋ ಮಾತು ಅವತ್ತು ನಮ್ಮ ಸ್ಟಾಫ್ ರೂಮಿನಲ್ಲೂ ಓಡಾಡಿತು. ನನಗೆ ಅದು ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಸೋತವರಿಗೆ ಸಮಾಧಾನ ಕೊಡುವ ಮಾತು ಅದು. ಕಾರ್ನ್‌ವಾಲ್ ಅನ್ನೋ ಜಿಲ್ಲೆಗೆ ಯುರೋಪಿನಿಂದ ವರ್ಷಕ್ಕೆ ಸುಮಾರು 6 ಕೋಟಿ ಪೌಂಡ್ ಬರುತ್ತಿತ್ತು. ಅಲ್ಲೂ ನೂರಕ್ಕೆ 56 ಜನ ಬಿಡೋಣ ಅಂದರು. ಮರುದಿನವೇ ಅಲ್ಲಿನ ಕೌನ್ಸಿಲ್, ನಮಗೆ ಬರುವ ಹಣ ನಿಲ್ಲಬಾರದು ಅಂತ ಸರ್ಕಾರಕ್ಕೆ ಕೇಳಿತು. ಇದನ್ನು ಓದಿ ಎಷ್ಟೋ ಜನ ನಕ್ಕರು. ಆದರೆ ಯೋಚನೆ ಮಾಡಿ. ಹಣ ಬಂದರೂ ಮಕ್ಕಳಿಗೆ ಊರಲ್ಲಿ ಕೆಲಸ ಇಲ್ಲ, ಮನೆ ಬಾಡಿಗೆ ಕೈಗೆಟಕಲ್ಲ ಅಂದಾಗ, ಹಣ ಕೊಟ್ಟ ದೂರದ ಊರಿನ ಹೆಸರಿರುವ ಬೋರ್ಡು ನೋಡಿ ಯಾರಿಗಾದರೂ ಕೃತಜ್ಞತೆ ಹುಟ್ಟುತ್ತಾ? ಹೈದರಾಬಾದ್ ಕರ್ನಾಟಕದ ನಮಗೆ ಈ ಸಿಟ್ಟು ಚೆನ್ನಾಗಿ ಗೊತ್ತು, ಅಲ್ವಾ?

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಬ್ರಿಟನ್ನಿನಲ್ಲಿ ಚುನಾವಣೆಗಳ ಬಗ್ಗೆ ದಶಕಗಳಿಂದ ಸರ್ವೆ ಮಾಡುತ್ತಾ ಬಂದಿರುವ ಬ್ರಿಟಿಷ್ ಎಲೆಕ್ಷನ್ ಸ್ಟಡಿ ಅಂತ ಒಂದು ಅಧ್ಯಯನ ಇದೆ. ಓಟು ಮುಗಿದ ಮೇಲೆ ಅವರು ಜನರನ್ನು ನೇರವಾಗಿ ಕೇಳಿದರು: ನೀವು ಹಾಕಿದ ಓಟಿನ ಬಗ್ಗೆ ಬೇಸರ ಇದೆಯಾ? ಬಿಡೋಣ ಅಂದವರಲ್ಲಿ ನೂರಕ್ಕೆ 6 ಜನ ಹೌದು ಅಂದರು. ಇರೋಣ ಅಂದವರಲ್ಲಿ ನೂರಕ್ಕೆ 1. ಪೇಪರುಗಳು ಹೇಳಿದ ಪ್ರವಾಹ ಎಲ್ಲೂ ಇರಲಿಲ್ಲ. ಹಾಗಂತ 6 ಅನ್ನೋದು ಏನೂ ಅಲ್ಲ ಅಂತಲೂ ಅಲ್ಲ. 1 ಕೋಟಿ 74 ಲಕ್ಷದಲ್ಲಿ ನೂರಕ್ಕೆ 6 ಅಂದರೆ 10 ಲಕ್ಷ ಜನ. ಅಷ್ಟು ಜನ ಕಡೆ ಬದಲಿಸಿದ್ದರೆ ಒಂದು ಕಡೆ 10 ಲಕ್ಷ ಕಡಿಮೆ, ಇನ್ನೊಂದು ಕಡೆ 10 ಲಕ್ಷ ಜಾಸ್ತಿ. ಬರೀ ಕೂಡಿ ಕಳೆದರೆ ಫಲಿತಾಂಶವೇ ತಿರುಗಬಹುದಿತ್ತು. ಆದರೆ ಬೇಸರ ಇದೆ ಅನ್ನೋದೂ, ಮತ್ತೆ ಕರೆದರೆ ಬೇರೆ ಕಡೆ ಒತ್ತುತ್ತೇನೆ ಅನ್ನೋದೂ ಒಂದೇ ಅಲ್ಲ. ಮಗಳನ್ನು ದೂರದ ಊರಿಗೆ ಕೊಟ್ಟ ತಾಯಿಗೆ ಬೇಸರ ಇರುತ್ತದೆ. ಆ ಸಂಬಂಧವೇ ಬೇಡವಾಗಿತ್ತು ಅಂತ ಆಕೆ ಹೇಳುತ್ತಾಳೆ ಅಂತೇನಿಲ್ಲ.

ಆದರೆ ದೇಶದ ಮನಸ್ಸು ಬದಲಾದದ್ದು ನಿಜ. ಅದು ನಿಧಾನಕ್ಕೆ ಆಯಿತು. ಯೂಗವ್ ಅನ್ನೋ ಸರ್ವೆ ಸಂಸ್ಥೆ ವರ್ಷಗಟ್ಟಲೆ ಒಂದೇ ಪ್ರಶ್ನೆ ಕೇಳುತ್ತಾ ಬಂದಿದೆ: ಯುರೋಪಿಯನ್ ಒಕ್ಕೂಟ ಬಿಟ್ಟದ್ದು ಸರಿಯೋ ತಪ್ಪೋ? 2016ರಲ್ಲಿ ಸರಿ ಅನ್ನುವವರೇ ಸ್ವಲ್ಪ ಮುಂದಿದ್ದರು. 2022ರ ನವೆಂಬರ್ ಹೊತ್ತಿಗೆ ತಪ್ಪು ಅನ್ನುವವರು ನೂರಕ್ಕೆ 56, ಸರಿ ಅನ್ನುವವರು 32. ಬಿಡೋಣ ಅಂತ ಓಟು ಹಾಕಿದವರಲ್ಲೇ ಐದರಲ್ಲಿ ಒಬ್ಬರು ತಪ್ಪಾಯಿತು ಅಂದರು. ನಿಮ್ಮ ತಮ್ಮನ ಜೊತೆ ಕೆಲಸ ಮಾಡುವ ಆ ಹೆಣ್ಣುಮಗಳು ಈ ಐದರಲ್ಲಿ ಒಬ್ಬರು.

ಇಲ್ಲಿ ಒಂದು ವಿಷಯ ಗಮನಿಸಿ. ಐದರಲ್ಲಿ ಒಬ್ಬರು ಅಂದರೆ ಉಳಿದ ನಾಲ್ವರು ಇನ್ನೂ ಹಾಗೆ ಅನ್ನುತ್ತಿಲ್ಲ. ಹಾಗಾದರೆ 56 ಎಲ್ಲಿಂದ ಬಂತು? ಮೊದಲಿಂದಲೂ ಇರೋಣ ಅಂದವರ ಜೊತೆಗೆ ಅವತ್ತು ಓಟೇ ಹಾಕದವರೂ ಸೇರಿಕೊಂಡರು. ಪಟ್ಟಿಯಲ್ಲಿ 4 ಕೋಟಿ 65 ಲಕ್ಷ ಹೆಸರಿದ್ದವು. ಅದರಲ್ಲಿ ಸುಮಾರು 1 ಕೋಟಿ 30 ಲಕ್ಷ ಜನ ಮನೆಯಲ್ಲೇ ಉಳಿದಿದ್ದರು. ಜೊತೆಗೆ ವಯಸ್ಸು. ಯೂಗವ್ ಲೆಕ್ಕದಲ್ಲಿ 18ರಿಂದ 24ರ ಒಳಗಿನವರು ನೂರಕ್ಕೆ 71 ಇರೋಣ ಅಂದಿದ್ದರು, 65 ದಾಟಿದವರು ನೂರಕ್ಕೆ 64 ಬಿಡೋಣ ಅಂದಿದ್ದರು. 2016ರಲ್ಲಿ 12 ವರ್ಷದ ಹುಡುಗಿ 2022ಕ್ಕೆ ಮತದಾರಳಾದಳು. ಅವತ್ತು 80 ದಾಟಿದ್ದ ಎಷ್ಟೋ ಹಿರಿಯರು ಆ ಹೊತ್ತಿಗೆ ಇರಲಿಲ್ಲ. ಅಂದರೆ ಕೆಲವರು ಮನಸ್ಸು ಬದಲಾಯಿಸಿದರು, ಜೊತೆಗೆ ಮನುಷ್ಯರೇ ಬದಲಾದರು. ತೀರ್ಮಾನ ಮಾತ್ರ ಹಳೆಯ ಪಟ್ಟಿಯದ್ದೇ ಉಳಿಯಿತು.

ಬಿಡೋಣ ಅಂತ ಓಟು ಹಾಕಿದವರಲ್ಲಿ ಹೆಚ್ಚಿನವರು ಯಾಕೆ ಬದಲಾಗಲಿಲ್ಲ ಅನ್ನೋದಕ್ಕೆ ನಾನು ನಮ್ಮೂರಿನ ಕಥೆ ಹೇಳಲೇಬೇಕು. ಇದನ್ನು ಹೇಳಲು ನನಗೆ ಸುಲಭ ಅಲ್ಲ.

ನಮ್ಮೂರು ಮಾನ್ವಿ ಕಡೆಯ ಒಂದು ಹಳ್ಳಿ. ನಾನಾಗ ಹೊಸದಾಗಿ ನೌಕರಿಗೆ ಸೇರಿದ್ದೆ. ವಾರದ ಸಂತೆ ಅಗಸಿ ಒಳಗೆ, ಹನುಮಪ್ಪನ ಗುಡಿ ಮುಂದಿನ ಬಯಲಲ್ಲಿ ಕೂಡುತ್ತಿತ್ತು. ಸಂತೆ ದಿನ ಬಂಡಿ ಹೊಡೆಯಲು ದಾರಿ ಇರುತ್ತಿರಲಿಲ್ಲ. ಮರುದಿನ ಕೊಳೆತ ಕಾಯಿಪಲ್ಲೆಯ ನಾತ. ಊರ ಸಭೆ ಸೇರಿತು. "ಸಂತಿ ಊರೊಳಗ ಇರಬೇಕೋ ಬ್ಯಾಡೋ, ಕೈ ಎತ್ರಿ" ಅಂದರು. ಬೇಡ ಅನ್ನೋ ಕೈಗಳು ನಾಲ್ಕೋ ಐದೋ ಜಾಸ್ತಿ ಬಂದವು. ಬೇಡ ಅಂದವರಲ್ಲಿ ನಮ್ಮ ಚಿಗವ್ವ ಒಬ್ಬಳು. ಅವಳ ಮನೆ ಗುಡಿ ಪಕ್ಕದಲ್ಲೇ. ನಾತ ಕುಡಿದು ಕುಡಿದು ಸಾಕಾಗಿತ್ತು ಅವಳಿಗೆ. ಸಂತೆ ಅಗಸಿ ಆಚೆ ಇಪ್ಪತ್ತು ಹೆಜ್ಜೆ ಸರಿಯುತ್ತೆ ಅಂತ ಅವಳು ತಿಳಿದಿದ್ದಳು. ಬಸ್ ನಿಲ್ಲುವ ಕಡೆ ಹೋಗುತ್ತೆ ಅಂತ ಇನ್ನು ಕೆಲವರು ತಿಳಿದಿದ್ದರು. ಶಾಲೆ ಬಯಲು ಅಂತ ಮತ್ತೆ ಕೆಲವರು. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಕೈ ಎತ್ತಿ ಆದ ಮೇಲೆ ಆರು ತಿಂಗಳು ಅದೇ ಜಗಳ. ಕೊನೆಗೆ ಸಂತೆ ಹಳ್ಳದ ಆಚೆ ಹೋಯಿತು.

ಚಿಗವ್ವ ಸಂತೆ ದಿನ ತನ್ನ ಮನೆ ಕಟ್ಟೆ ಮೇಲೆ ಒಣಮೆಣಸಿನಕಾಯಿ ಗುಡ್ಡೆ ಹಾಕಿಕೊಂಡು ಕೂತು ಮಾರುತ್ತಿದ್ದಳು. ಈಗ ಬುಟ್ಟಿ ಹೊತ್ತು ಹಳ್ಳ ದಾಟಬೇಕಾಯಿತು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಸಂತೆಯೇ ಇಲ್ಲ. ಒಂದಿನ ಬಾವಿ ಹತ್ತಿರ ನಾಲ್ಕು ಜನರ ಮುಂದೆ, "ನಾ ಅವತ್ತು ಕೈ ಎತ್ತಿದ್ದು ತಪ್ಪಾತು ನೋಡ್ರಿ" ಅಂದಳು. ಸಂತೆ ಊರೊಳಗೇ ಇರಲಿ ಅಂದು ಸೋತವರು ಅಲ್ಲೇ ಇದ್ದರು. ಒಬ್ಬರು, "ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂತೆ ಊರೊಳಗಿರಲಿ ಅಂದವರ ಕಡೆ ನಾನಿದ್ದೆ.

ಮುಂದಿನ ಸಲ ಸಭೆ ಸೇರಿದಾಗ ಇಬ್ಬರು ಮೂವರು ಸಂತೆಯ ಮಾತು ಮತ್ತೆ ಎತ್ತಿದರು. ಚಿಗವ್ವನ ಮಾತಿಗೆ ಅವತ್ತು ತೂಕ ಇತ್ತು. ಆಕೆ ಎದ್ದು ನಿಂತು, "ನಾ ಎತ್ತಿದ ಕೈ ಸರಿ ಐತಿ, ಊರೊಳಗ ಸಂತಿ ಬ್ಯಾಡ" ಅಂದಳು. ಸಾಯುವ ತನಕ ಅದನ್ನೇ ಅಂದಳು. ಬುಟ್ಟಿ ಹೊತ್ತು ಹಳ್ಳ ದಾಟುತ್ತಲೇ ಅಂದಳು. ಆ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ.

ಬ್ರಿಟನ್ನಿನಲ್ಲಿ ಆದದ್ದು ಇದೇ ಅಂತ ನಾನು ನಂಬಿದ್ದೇನೆ. ಫಲಿತಾಂಶದ ಮರುದಿನದಿಂದಲೇ ಬಿಡೋಣ ಅಂದವರನ್ನು ಓದಿಲ್ಲದವರು, ಹೊರಗಿನವರನ್ನು ಕಂಡರೆ ಆಗದವರು, ಮೋಸ ಹೋದ ದಡ್ಡರು ಅಂತ ಕರೆದದ್ದು ಸ್ವಲ್ಪ ಅಲ್ಲ. ಹಾಗೆ ಕರೆಸಿಕೊಂಡ ಮನುಷ್ಯ "ಹೌದು, ತಪ್ಪಾಯಿತು" ಅಂದರೆ ಆ ಬೈಗುಳವನ್ನೆಲ್ಲ ಒಪ್ಪಿಕೊಂಡಂತೆ. ಯಾರು ಒಪ್ಪುತ್ತಾರೆ? 2017ರ ಹೊತ್ತಿಗೆ ಅಲ್ಲಿನ ಜನ ತಮ್ಮನ್ನು ಪಕ್ಷದ ಹೆಸರಿಗಿಂತ ಹೆಚ್ಚಾಗಿ ಬಿಡೋಣದವರು, ಇರೋಣದವರು ಅಂತಲೇ ಗುರುತಿಸಿಕೊಳ್ಳತೊಡಗಿದ್ದರು. ಓಟು ಒಂದು ಅಭಿಪ್ರಾಯ ಆಗಿದ್ದಾಗ ಬದಲಾಯಿಸುವುದು ಸುಲಭ. ಅದು ಕುಲದ ಹಾಗೆ ಆದರೆ ಬಿಡುವುದು ಕಷ್ಟ. ಇನ್ನೊಂದು ಕಡೆಯ ನೋವನ್ನೂ ನಾನು ಮರೆಯುವುದಿಲ್ಲ. ಓಟಿಗೆ ಒಂದು ವಾರ ಇರುವಾಗ, ಜೂನ್ 16ರಂದು, ಇರೋಣ ಅಂತ ಪ್ರಚಾರ ಮಾಡುತ್ತಿದ್ದ ಸಂಸದೆ ಜೋ ಕಾಕ್ಸ್ ಅವರ ಕೊಲೆ ಆಯಿತು. ಫಲಿತಾಂಶದ ನಂತರದ ವಾರಗಳಲ್ಲಿ ಹೊರಗಿನಿಂದ ಬಂದವರ ಮೇಲೆ ಹಲ್ಲೆ, ಬೈಗುಳ ಜಾಸ್ತಿಯಾದವು. ಪೊಲೀಸರ ಲೆಕ್ಕದಲ್ಲೇ ಅದು ದಾಖಲಾಗಿದೆ.

ನಿಮ್ಮ ಎರಡನೇ ಪ್ರಶ್ನೆ, ಮತ್ತೊಮ್ಮೆ ಓಟು ಯಾಕೆ ಹಾಕಿಸಲಿಲ್ಲ ಅಂತ. ಸ್ವಲ್ಪದರಲ್ಲಿ ತಪ್ಪಿತು ಅನ್ನಬೇಕು. ಅಲ್ಲಿ ಕೇಳಿದ್ದೂ ನಮ್ಮೂರ ಸಂತೆಯ ಪ್ರಶ್ನೆಯೇ. ಇರಬೇಕೋ, ಬಿಡಬೇಕೋ. ಬಿಟ್ಟು ಎಲ್ಲಿಗೆ ಅಂತ ಚೀಟಿಯಲ್ಲಿ ಇರಲಿಲ್ಲ. ನಾರ್ವೆ ಹಾಗೆ ಯುರೋಪಿನ ಮಾರುಕಟ್ಟೆಯಲ್ಲಿ ಉಳಿದು ಒಕ್ಕೂಟದಿಂದ ಮಾತ್ರ ಹೊರಬರೋದಾ? ಸುಂಕದ ಒಪ್ಪಂದ ಮಾತ್ರ ಉಳಿಸಿಕೊಳ್ಳೋದಾ? ಪೂರ್ತಿ ಕಡಿದುಕೊಳ್ಳೋದಾ? ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಇತ್ತು. ಪ್ರಧಾನಿ ಥೆರೇಸಾ ಮೇ ಯುರೋಪಿನ ಜೊತೆ ಮಾತಾಡಿ ಒಂದು ಒಪ್ಪಂದ ತಂದರು. 2019ರ ಜನವರಿ 15ರಂದು ಪಾರ್ಲಿಮೆಂಟು ಅದನ್ನು 202ಕ್ಕೆ 432 ಓಟಿನಿಂದ ತಳ್ಳಿಹಾಕಿತು. ಆಳುವ ಸರ್ಕಾರಕ್ಕೆ ಅಂಥ ಸೋಲು ಅಲ್ಲಿ ಹಿಂದೆ ಆಗಿರಲಿಲ್ಲ. ಮಾರ್ಚ್ 27ರಂದು ಸಂಸದರ ಮುಂದೆ ಎಂಟು ದಾರಿ ಇಟ್ಟರು, ಯಾವುದು ಬೇಕೋ ಆರಿಸಿ ಅಂತ. ಎಂಟಕ್ಕೆ ಎಂಟೂ ಸೋತವು. ಏಪ್ರಿಲ್ 1ರಂದು ನಾಲ್ಕು ದಾರಿ ಇಟ್ಟರು. ಸುಂಕದ ಒಪ್ಪಂದ 3 ಓಟಿನಿಂದ ಸೋತಿತು. ಯಾವ ಒಪ್ಪಂದ ಆದರೂ ಜನರ ಮುಂದೆ ಮತ್ತೆ ಇಡಬೇಕು ಅನ್ನೋದು 280ಕ್ಕೆ 292, ಬರೀ 12 ಓಟಿನಿಂದ ಬಿತ್ತು. ಮತ್ತೊಮ್ಮೆ ಓಟು ಅನ್ನೋದು ಅಷ್ಟು ಹತ್ತಿರ ಬಂದಿತ್ತು.

ಆ ವರ್ಷ ಡಿಸೆಂಬರಿನಲ್ಲಿ ಚುನಾವಣೆ ಬಂತು. ಲೇಬರ್ ಪಕ್ಷ ಮತ್ತೆ ಜನಮತಗಣನೆ ಮಾಡುತ್ತೇವೆ ಅಂದಿತು, 202 ಸೀಟಿಗೆ ಇಳಿಯಿತು. ಲಿಬರಲ್ ಡೆಮಾಕ್ರಾಟ್ ಪಕ್ಷ, ನಾವು ಗೆದ್ದರೆ ಬ್ರೆಕ್ಸಿಟ್ಟನ್ನೇ ರದ್ದು ಮಾಡುತ್ತೇವೆ ಅಂದಿತು, 11 ಸೀಟು ಬಂದವು. ಪಕ್ಷದ ನಾಯಕಿಯೇ ಸೋತರು. ಮೇ ನಂತರ ಪ್ರಧಾನಿಯಾಗಿದ್ದ, ಬೇಗ ಮುಗಿಸೋಣ ಅಂದ ಬೋರಿಸ್ ಜಾನ್ಸನ್ 365 ಸೀಟು ಗೆದ್ದರು. ಇರೋಣ ಅನ್ನುವವರ ಓಟು ಎರಡು ಮೂರು ಪಕ್ಷಕ್ಕೆ ಹಂಚಿಹೋಯಿತು. ಬಿಡೋಣ ಅನ್ನುವವರ ಓಟು ಒಂದೇ ಕಡೆ ಬಿತ್ತು. ಜನರಿಗೂ ಸಾಕಾಗಿತ್ತು. ಮೂರೂವರೆ ವರ್ಷ ಪ್ರತಿದಿನ ಇದೇ ಸುದ್ದಿ. ಮನೆಯಲ್ಲಿ ಭಾಗದ ಜಗಳ ಬಹಳ ದಿನ ನಡೆದರೆ, ಕೊನೆಗೆ ಏನೋ ಒಂದು ಆಗಿಹೋಗಲಿ ಅಂತ ಕಡಿಮೆ ಪಾಲಿಗೂ ಸಹಿ ಹಾಕುವುದಿಲ್ಲವೇ, ಹಾಗೆ. 2020ರ ಜನವರಿ 31ರಂದು ಬ್ರಿಟನ್ ಹೊರಬಂತು. ತಪ್ಪಾಯಿತು ಅನ್ನುವವರು ಹೆಚ್ಚಾದದ್ದು ಅದಾದ ಮೇಲೆ. ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಮತ್ತೆ ಕೇಳುವುದು ಪ್ರಜಾಪ್ರಭುತ್ವಕ್ಕೆ ಮೋಸ ಅಂತ ಅಲ್ಲಿ ಬಹಳ ಜನ ವಾದಿಸಿದರು. ಆ ಅಳುಕು ನನಗೆ ಅರ್ಥ ಆಗುತ್ತದೆ. ಗೆದ್ದವರಿಗೆ, ನೀವು ಗೆಲ್ಲುವ ತನಕ ಕೇಳುತ್ತಲೇ ಇರುತ್ತೀರಾ ಅಂತ ಅನಿಸುತ್ತದೆ. ಆದರೆ ಪಕ್ಕದ ಐರ್ಲೆಂಡ್ ಮತ್ತೆ ಕೇಳಿದೆ, ಮರ್ಯಾದೆಯಿಂದಲೇ ಕೇಳಿದೆ. 2008ರ ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟದ ನಿಯಮಗಳನ್ನು ಬದಲಿಸುವ ಲಿಸ್ಬನ್ ಒಪ್ಪಂದಕ್ಕೆ ನೂರಕ್ಕೆ 53 ಜನ ಬೇಡ ಅಂದರು. ಸರ್ಕಾರ ಜನರನ್ನು ಬೈಯಲಿಲ್ಲ. ಯಾಕೆ ಬೇಡ ಅಂದಿರಿ ಅಂತ ಕೇಳಿತು. ತೆರಿಗೆ ನಮ್ಮ ಕೈಯಲ್ಲೇ ಇರಬೇಕು, ನಮ್ಮ ಹುಡುಗರು ಬೇರೆಯವರ ಯುದ್ಧಕ್ಕೆ ಹೋಗಬಾರದು, ಗರ್ಭಪಾತದ ಕಾನೂನನ್ನು ಹೊರಗಿನವರು ಮುಟ್ಟಬಾರದು, ನಮ್ಮ ಪ್ರತಿನಿಧಿ ಯುರೋಪಿನ ಆಯೋಗದಲ್ಲಿ ಇರಲೇಬೇಕು ಅಂತ ಕಾರಣಗಳು ಬಂದವು. ಅವಕ್ಕೆಲ್ಲ ಯುರೋಪಿನಿಂದ ಖಾತ್ರಿ ಬರೆಸಿಕೊಂಡು 2009ರ ಅಕ್ಟೋಬರಿನಲ್ಲಿ ಮತ್ತೆ ಕೇಳಿದರು. ನೂರಕ್ಕೆ 67 ಜನ ಹೌದು ಅಂದರು. ಎರಡನೇ ಸಲ ಕೇಳಿದ ಪ್ರಶ್ನೆ ಮೊದಲಿನದ್ದೇ ಆಗಿರಲಿಲ್ಲ ನೋಡಿ. ಅದಕ್ಕೇ ಜನ ತಾವು ಸೋತೆವು ಅಂದುಕೊಳ್ಳಲಿಲ್ಲ, ನಮ್ಮ ಮಾತು ಕೇಳಿಸಿಕೊಂಡರು ಅಂದುಕೊಂಡರು.

ಸ್ವಿಟ್ಜರ್ಲೆಂಡ್ ಇನ್ನೊಂದು ಕೆಲಸ ಮಾಡಿತು, ನನಗೆ ಬಹಳ ಹಿಡಿಸಿದ್ದು. ಮದುವೆಯಾದವರಿಗೆ ಬೀಳುವ ಹೆಚ್ಚಿನ ತೆರಿಗೆ ತೆಗೆಯಬೇಕು ಅನ್ನೋದರ ಬಗ್ಗೆ 2016ರ ಫೆಬ್ರವರಿಯಲ್ಲಿ ಅಲ್ಲಿ ಓಟು ನಡೆಯಿತು, ಸ್ವಲ್ಪದರಲ್ಲೇ ಬಿದ್ದುಹೋಯಿತು. ಇಬ್ಬರೂ ದುಡಿಯುವ ದಂಪತಿಗಳಲ್ಲಿ ಸುಮಾರು 80 ಸಾವಿರ ಜೋಡಿಗೆ ಮಾತ್ರ ತೊಂದರೆ ಅಂತ ಸರ್ಕಾರ ಜನರಿಗೆ ಹೇಳಿತ್ತು. ಆಮೇಲೆ ನೋಡಿದರೆ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ. 2019ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಜನರಿಗೆ ಸರಿಯಾದ ಲೆಕ್ಕ ಕೊಡದೆ ಕೇಳಿದ್ದೀರಿ ಅಂತ ಆ ಓಟನ್ನೇ ರದ್ದು ಮಾಡಿತು. ಕೆಂಪು ಬಸ್ಸಿನ ಲೆಕ್ಕಕ್ಕೆ ಬ್ರಿಟನ್ನಿನಲ್ಲಿ ಇಂಥ ದಾರಿ ಸಿಗಲಿಲ್ಲ. ಅಲ್ಲಿ ಸಂಡರ್‌ಲ್ಯಾಂಡಿನ ಆ ಹೆಣ್ಣುಮಗಳು ಅದನ್ನು ತನ್ನ ಮನಸ್ಸಿನಲ್ಲೇ ಹೊತ್ತುಕೊಂಡು ತಿರುಗಬೇಕಾಯಿತು.

ನಮ್ಮಲ್ಲಿ ಆಗಬಹುದಾ ಅಂತ ಕೇಳಿದ್ದೀರಿ. ಇಡೀ ದೇಶದ ಜನಮತಗಣನೆಗೆ ನಮ್ಮ ಸಂವಿಧಾನದಲ್ಲಿ ದಾರಿ ಇಲ್ಲ. ರಾಜ್ಯಗಳ ಗಡಿ ಬದಲಾಯಿಸಲು ಕೂಡ 3ನೇ ವಿಧಿಯ ಪ್ರಕಾರ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು, ಜನರ ಓಟು ಬೇಕಿಲ್ಲ. ನಮ್ಮ ಪಕ್ಕದ ಬಳ್ಳಾರಿಯನ್ನೇ ನೋಡಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದವು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕು ಯಾರಿಗೆ ಅಂತ ತೀರ್ಮಾನಿಸಲು ನ್ಯಾಯಮೂರ್ತಿ ಎಲ್.ಎಸ್. ಮಿಶ್ರ ಅವರನ್ನು ನೇಮಿಸಿದ್ದರು. ಅವರು ಮೈಸೂರಿಗೆ ಅಂದರು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ತುಂಗಭದ್ರಾ ಅಣೆಕಟ್ಟಿನ ಕಾರಣಕ್ಕೆ ಆಂಧ್ರಕ್ಕೆ ಕೊಡಿ ಅಂತ ಹೇಳಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಕನ್ನಡವೂ ತೆಲುಗೂ ಒಂದೇ ಓಣಿಯಲ್ಲಿ ಮಾತಾಡುವ ಊರು ಅದು. ಅಲ್ಲಿ ಮನೆಮನೆಗೆ ಹೌದೋ ಅಲ್ಲವೋ ಅಂತ ಓಟು ಹಾಕಿಸಿದ್ದರೆ ಆ ಗಾಯ ಇವತ್ತಿಗೂ ಹಸಿ ಇರುತ್ತಿತ್ತು ಅಂತ ನನಗೆ ಅನಿಸುತ್ತದೆ. ಜನರನ್ನು ಕೇಳಬಾರದು ಅಂತ ನಾನು ಹೇಳುತ್ತಿಲ್ಲ. ಹೇಗೆ ಕೇಳುತ್ತೇವೆ ಅನ್ನೋದು ಮುಖ್ಯ.

ಗೋವಾದಲ್ಲಿ ಕೇಳಿದರು. 1967ರ ಜನವರಿ 16. ಮಹಾರಾಷ್ಟ್ರಕ್ಕೆ ಸೇರಬೇಕಾ, ಕೇಂದ್ರಾಡಳಿತ ಪ್ರದೇಶವಾಗಿ ಬೇರೆ ಉಳಿಯಬೇಕಾ? ಸೇರುವುದಕ್ಕೆ ಹೂವಿನ ಗುರುತು, ಬೇರೆ ಇರುವುದಕ್ಕೆ ಎರಡು ಎಲೆಯ ಗುರುತು. ಸೇರೋಣ ಅನ್ನುತ್ತಿದ್ದ ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ಅವರ ಸರ್ಕಾರ ಓಟಿಗೆ ಮೊದಲು ಕುರ್ಚಿ ಬಿಟ್ಟು ಇಳಿಯಿತು, ಅಧಿಕಾರದ ಬಲದಿಂದ ಗೆದ್ದರು ಅಂತ ಯಾರೂ ಅನ್ನಬಾರದು ಅಂತ. ಬೇರೆ ಉಳಿಯೋಣ ಅಂದವರು 1,72,191. ಸೇರೋಣ ಅಂದವರು 1,38,170. ಅಲ್ಲೂ ಮನೆಗಳು ಎರಡಾಗಿದ್ದವು, ಭಾಷೆ ಜಾತಿ ಧರ್ಮ ಎಲ್ಲ ಬೆರೆತಿತ್ತು. ಆದರೂ ಎರಡು ಎಲೆ ಅಂದರೆ ಏನು, ಹೂವು ಅಂದರೆ ಏನು ಅಂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ಹೊಸದೊಂದು ಒಗಟು ಮರುದಿನ ಹುಟ್ಟಲಿಲ್ಲ. ಸೋತ ಬಾಂದೋಡಕರ್ ಕೆಲವೇ ತಿಂಗಳಲ್ಲಿ ಚುನಾವಣೆ ಗೆದ್ದು ಮತ್ತೆ ಮುಖ್ಯಮಂತ್ರಿ ಆದರು.

ಕೊನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ದೊಡ್ಡದು. ನಿಮ್ಮ ತಮ್ಮ ಸುಮ್ನೆ ಎದ್ದು ಬಂದದ್ದು ತಪ್ಪಲ್ಲ. ಅವನ ಸ್ಥಾನ ಸೂಕ್ಷ್ಮ. ಬಿಡೋಣ ಅಂದ ಬಹಳ ಜನ, ಹೊರಗಿನಿಂದ ಬರುವವರು ಕಡಿಮೆಯಾಗಲಿ ಅಂತಲೇ ಹಾಗೆ ಅಂದಿದ್ದರು. ಆದದ್ದು ಬೇರೆ. 2021ರ ಜನವರಿಯಿಂದ ಹೊಸ ವೀಸಾ ನಿಯಮ ಬಂತು. ಯುರೋಪಿನವರು ಮೊದಲಿನ ಹಾಗೆ ಬಂದುಹೋಗಲು ಆಗಲಿಲ್ಲ. ಆಸ್ಪತ್ರೆಗಳಿಗೆ, ಹಿರಿಯರ ಆರೈಕೆಗೆ ಜನ ಬೇಕಾದರು. ಭಾರತ, ನೈಜೀರಿಯಾದಂಥ ದೇಶಗಳಿಂದ ಬಂದರು. ಬಂದವರಲ್ಲಿ ಹೋದವರನ್ನು ಕಳೆದರೆ 2023ರ ಹೊತ್ತಿಗೆ ವರ್ಷದ ಲೆಕ್ಕ 9 ಲಕ್ಷ ದಾಟಿತ್ತು. ನಿಮ್ಮ ತಮ್ಮ ಆ ಬಾಗಿಲಿನಿಂದಲೇ ಒಳಗೆ ಹೋದವನು. ಆಕೆಗೆ ಅದು ಗೊತ್ತು. ಗೊತ್ತಿದ್ದೇ ಅವನ ಮುಂದೆ ಆ ಮಾತು ಹೇಳಿದ್ದಾರೆ. ಅದಕ್ಕೆ ಎಷ್ಟು ಧೈರ್ಯ ಬೇಕು ನೋಡಿ.

ಆಕೆಯನ್ನು ಕ್ಷಮಿಸುವುದು ಅವನ ಕೆಲಸ ಅಲ್ಲ. ಆಕೆ ಅದನ್ನು ಕೇಳಿಯೂ ಇಲ್ಲ. ಪರವಾಗಿಲ್ಲ ಬಿಡಿ ಅಂತ ತೇಲಿಸುವುದೂ ಬೇಡ. ಮುಂದಿನ ಸಲ ಇಬ್ಬರೇ ಚಹಾಕ್ಕೆ ಕೂತಾಗ ಒಂದೇ ಪ್ರಶ್ನೆ ಕೇಳಲಿ: "ಅವತ್ತು ಓಟು ಹಾಕುವಾಗ ನಿಮಗೆ ಏನು ಬೇಕಾಗಿತ್ತು?" ಕೇಳಿ ಸುಮ್ಮನಿರಲಿ. ಹಡಗು ಕಟ್ಟುವ ಕೆಲಸ ಆ ಊರಿನಲ್ಲಿ 1988ರಲ್ಲಿ ನಿಂತುಹೋಯಿತು, ಕೊನೆಯ ಕಲ್ಲಿದ್ದಲು ಗಣಿ 1993ರಲ್ಲಿ ಮುಚ್ಚಿತು. ಆಕೆಯ ವಯಸ್ಸು ನೋಡಿದರೆ ಅಪ್ಪನೋ ಗಂಡನೋ ಅಲ್ಲಿ ದುಡಿದಿರಬಹುದು. ಆ ಮಾತು ಬರಬಹುದು. ಬೇರೆ ಏನೋ ಬರಬಹುದು. ನಮ್ಮ ಚಿಗವ್ವನನ್ನು ಅವತ್ತು ಬಾವಿ ಹತ್ತಿರ ನಾನು ಹೀಗೆ ಕೇಳಲಿಲ್ಲ.

ಆಕೆ ಏನು ಹೇಳಿದರು ಅಂತ, ನಿಮ್ಮ ತಮ್ಮ ಒಪ್ಪಿದರೆ, ನನಗೂ ಒಂದು ಸಾಲು ಬರೆಯಿರಿ ತಂಗಿ.